ಪಾಲ್ಕಿಗುಂಡಿನ ಎರಡು ಬರಹ, ಸಂಸ್ಕಾರದ ಎರಡು ಲೆಕ್ಕ

ಕೊಪ್ಪಳದ ಪಾಲ್ಕಿಗುಂಡು ಬೆಟ್ಟದ ಮೇಲೆ ಎರಡು ಬರಹಗಳಿವೆ. ಒಂದು ಅಶೋಕನ ಶಾಸನ. ಕ್ರಿ.ಪೂ. 3ನೇ ಶತಮಾನದ ಪ್ರಾಕೃತ, ಬ್ರಾಹ್ಮೀ ಲಿಪಿ. ಮಳೆಗಾಳಿಗೆ ಸವೆದು ಈಗ ಅಲ್ಲೊಂದು ಇಲ್ಲೊಂದು ಪದ ಮಾತ್ರ ಓದಲು ಸಿಗುತ್ತದೆ. ಇನ್ನೊಂದು ಹಳಗನ್ನಡದ್ದು. ಬಂಡೆಯಲ್ಲಿ ಕೊರೆದ ಜೋಡಿ ಪಾದಗಳ ಕೆಳಗೆ, ಜಟಾಸಿಂಗನಂದಿ ಆಚಾರ್ಯರ ಪದವನ್ನು ಚಾವಯ್ಯ ಮಾಡಿಸಿದ ಎಂದಿದೆ. ಮೊದಲನೆಯದು ಬೌದ್ಧ ಉಪಾಸಕನಾದ ದೊರೆಯ ಮಾತು, ಎರಡನೆಯದು ಜೈನ ಮುನಿಯ ನೆನಪು.

ಪಾಲ್ಕಿಗುಂಡಿನಲ್ಲಿ ಅಳಿಸಿಹೋದದ್ದನ್ನು ಅದೇ ಊರಿನ ಗವಿಮಠದ ಬಂಡೆಯಲ್ಲಿ ಓದಿಕೊಳ್ಳಬಹುದು. ರಾಯಚೂರು ಜಿಲ್ಲೆಯ ಮಸ್ಕಿಯಲ್ಲೂ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೆಗೋಳದಲ್ಲೂ ಅದೇ ಶಾಸನವಿದೆ. ಸಾರ ಇಷ್ಟು: ನಾನು ಉಪಾಸಕನಾಗಿ ಎರಡೂವರೆ ವರ್ಷ ಮೀರಿತು, ಒಂದು ವರ್ಷ ಅಷ್ಟಾಗಿ ಶ್ರಮಿಸಲಿಲ್ಲ, ಸಂಘಕ್ಕೆ ಹತ್ತಿರವಾಗಿ ಶ್ರಮಿಸತೊಡಗಿ ವರ್ಷ ದಾಟಿತು, ಬಂದಿರುವುದು ಆ ಪರಾಕ್ರಮದ ಫಲ, ಇದು ದೊಡ್ಡವರಿಗಷ್ಟೇ ಅಲ್ಲ, ಸಣ್ಣವನಿಗೂ ಸಿಗುವಂಥದ್ದು. 1915ರಲ್ಲಿ ಮಸ್ಕಿಯ ಪ್ರತಿ ಸಿಕ್ಕಾಗ ಎಲ್ಲರ ಕಣ್ಣು ಅದರಲ್ಲಿದ್ದ ‘ಅಶೋಕ’ ಎಂಬ ಹೆಸರಿನ ಮೇಲೇ ಬಿತ್ತು. ಆದರೆ ಶಾಸನದ ಹೂರಣ ಇರುವುದು ಈ ಶ್ರಮದ ಮಾತಿನಲ್ಲಿ.

ಮನುಷ್ಯ ತನ್ನನ್ನು ತಾನು ರೂಪಿಸಿಕೊಳ್ಳಬಲ್ಲ ಎಂಬಲ್ಲಿಗೆ ಜೈನರಿಗೂ ತಕರಾರಿಲ್ಲ. ತಕರಾರು ಮುಂದಿನ ಪ್ರಶ್ನೆಯದು. ಮಾಡಿದ್ದು, ಆಡಿದ್ದು, ನೆನೆದದ್ದು ಮುಂದಿನ ನಮ್ಮನ್ನು ರೂಪಿಸುತ್ತದೆ (ಇಲ್ಲಿ ಸಂಸ್ಕಾರ ಎಂದರೆ ಇದೇ) ಎಂದಾದರೆ ಅದು ಉಳಿಯುವುದು ಎಲ್ಲಿ, ಯಾವ ರೂಪದಲ್ಲಿ? ಬೌದ್ಧರ ಪ್ರಕಾರ ಅದೊಂದು ಕ್ರಿಯೆ, ಕೂಡಿಟ್ಟುಕೊಳ್ಳುವವನು ಯಾರೂ ಇಲ್ಲ. ಜೈನರ ಪ್ರಕಾರ ಅದೊಂದು ದ್ರವ್ಯ, ಅಂಟಿಸಿಕೊಳ್ಳುವ ಜೀವ ಖಂಡಿತ ಇದೆ. ‘ಎಲ್ಲ ಧರ್ಮ ಹೇಳೋದೂ ಒಂದೇ’ ಎನ್ನುವವರು ಎಡವುವುದು ಇಲ್ಲೇ. ಯಾವುದನ್ನು ತೂಗಬೇಕು, ಎಲ್ಲಿ ಕತ್ತರಿಸಬೇಕು, ಯಾವ ಕ್ರಮದಲ್ಲಿ ಎಂಬ ಲೆಕ್ಕವೆಲ್ಲ ಈ ಒಂದು ಕವಲಿನಿಂದಲೇ ಬೇರೆಯಾಗುತ್ತದೆ. (ನಾಮಕರಣ, ಮದುವೆಯಂಥ ಸಂಸ್ಕಾರವಿಧಿಗಳ ಮಾತು ಇಲ್ಲಿ ಬೇಡ. ಜಿನಸೇನರ ಆದಿಪುರಾಣದಲ್ಲಿ ಅಂಥ 53 ಗರ್ಭಾನ್ವಯ ಕ್ರಿಯೆಗಳೇ ಇವೆ, ಅದು ಬೇರೆ ಕಥೆ.)

ಬೌದ್ಧರ ಸಂಖಾರ

ಪಾಳಿ ಗ್ರಂಥಗಳಲ್ಲಿ ಸಂಖಾರ (ಸಂಸ್ಕಾರ ಪದದ ಪಾಳಿ ರೂಪ) ಮೂರು ಅಳತೆಯಲ್ಲಿ ಬರುತ್ತದೆ. ಅತಿ ಅಗಲದ್ದು, ಕಾರಣಗಳಿಂದ ಕಟ್ಟಿಕೊಂಡ ಸಮಸ್ತವೂ: ಬೆಟ್ಟ, ಮೈ, ಸಿಟ್ಟು, ಸಾಮ್ರಾಜ್ಯ. ಧಮ್ಮಪದದ 277 ಮತ್ತು 278ನೇ ಗಾಥೆಗಳು ಎಲ್ಲ ಸಂಖಾರಗಳೂ ಅನಿತ್ಯ, ಎಲ್ಲ ಸಂಖಾರಗಳೂ ದುಃಖ ಎನ್ನುತ್ತವೆ. 279ರಲ್ಲಿ ಮಾತ್ರ ‘ಎಲ್ಲ ಧಮ್ಮಗಳೂ ಅನಾತ್ಮ’ ಎಂದು ಬದಲಾಗುತ್ತದೆ. ನಿಬ್ಬಾಣ (ನಿರ್ವಾಣ) ಕಾರಣಗಳಿಂದ ಕಟ್ಟಿದ್ದಲ್ಲ, ಹಾಗಾಗಿ ಸಂಖಾರವಲ್ಲ. ಆದರೆ ಅದನ್ನೂ ಆತ್ಮ ಎನ್ನುವಂತಿಲ್ಲ. ಈ ಬದಲಾವಣೆಯನ್ನು ಗಮನಿಸದೆ ಓದಿದವರು ನಿಬ್ಬಾಣವನ್ನು ಶಾಶ್ವತ ಆತ್ಮದ ಮನೆಯಾಗಿ ಮಾಡಿಕೊಳ್ಳುತ್ತಾರೆ.

ಎರಡನೆಯ ಅಳತೆ, ವ್ಯಕ್ತಿ ಎನಿಸಿಕೊಳ್ಳುವ ಐದು ಗುಂಪುಗಳಾದ ಪಂಚಸ್ಕಂಧಗಳಲ್ಲಿ ನಾಲ್ಕನೆಯದು. ರೂಪ (ಮೈ), ವೇದನೆ (ಸುಖದುಃಖದ ಅನುಭವ), ಸಂಜ್ಞೆ (ಗುರುತಿಸುವಿಕೆ), ಸಂಖಾರ, ವಿಜ್ಞಾನ (ಅರಿವು). ಸುತ್ತಗಳಲ್ಲಿ (ಬುದ್ಧನ ಉಪದೇಶಗಳಲ್ಲಿ) ಇದನ್ನು ರೂಪ, ಶಬ್ದ, ಗಂಧ, ರಸ, ಸ್ಪರ್ಶ, ಮನೋವಿಷಯ ಎಂಬ ಆರನ್ನು ಕುರಿತ ಚೇತನ ಎಂದು ವಿವರಿಸಿದೆ. ಚೇತನ ಎಂದರೆ ಇಲ್ಲಿ ಸಂಕಲ್ಪ, ಮನಸ್ಸು ಒಂದು ಕಡೆ ನೂಕಿಕೊಂಡು ಹೋಗುವುದು. ಮುಂದೆ ಅಭಿಧಮ್ಮ (ಮನಸ್ಸನ್ನು ಬಿಡಿಸಿ ನೋಡುವ ಬೌದ್ಧ ಶಾಸ್ತ್ರ) 52 ಚೈತಸಿಕಗಳನ್ನು, ಅಂದರೆ ಮನಸ್ಸಿನ ಗುಣಗಳನ್ನು ಎಣಿಸಿ ಅದರಲ್ಲಿ ವೇದನೆ, ಸಂಜ್ಞೆ ಎರಡನ್ನು ಕಳೆದು ಉಳಿದ 50ನ್ನೂ ಈ ಸ್ಕಂಧಕ್ಕೆ ಹಾಕಿತು.

ಮೂರನೆಯದು ಪ್ರತೀತ್ಯಸಮುತ್ಪಾದದ, ಅಂದರೆ ಒಂದರಿಂದ ಇನ್ನೊಂದು ಹುಟ್ಟುವ ಸರಪಳಿಯ, 12 ಕೊಂಡಿಗಳಲ್ಲಿ ಎರಡನೆಯದು: ಅವಿದ್ಯೆಯಿಂದ ಸಂಖಾರ, ಸಂಖಾರದಿಂದ ವಿಜ್ಞಾನ. ಇದು ಮುಂದಿನ ಹುಟ್ಟನ್ನು ಕಟ್ಟುವ ಕರ್ಮ. ಪುಣ್ಯ, ಅಪುಣ್ಯ, ಆನೆಂಜ (ಅಲುಗದ್ದು) ಎಂದು ಮೂರು ಬಗೆ. ಥೇರವಾದದ (ಪಾಳಿ ಗ್ರಂಥಗಳನ್ನು ಅನುಸರಿಸುವ ಬೌದ್ಧ ಪಂಥದ) ಲೆಕ್ಕದಲ್ಲಿ ಪುಣ್ಯಕ್ಕೆ ಕಾಮಲೋಕದ 8 ಮತ್ತು ರೂಪಧ್ಯಾನದ 5 ಸೇರಿ 13, ಅಪುಣ್ಯಕ್ಕೆ 12, ಆನೆಂಜಕ್ಕೆ ಅರೂಪಧ್ಯಾನದ 4. ಒಟ್ಟು 29 ಚೇತನಗಳು. ದಾನ, ಶೀಲ, ಧ್ಯಾನ ಕೂಡ ಅವಿದ್ಯೆಯ ನೆಲದಲ್ಲಿ ನಡೆದರೆ ಸಂಖಾರವೇ, ಭವವನ್ನು ಕಟ್ಟುವಂಥವೇ ಎಂಬುದು ಈ ಪಟ್ಟಿಯಿಂದ ಗೊತ್ತಾಗುತ್ತದೆ. ಒಳ್ಳೆಯದು ಬಿಡಿಸುತ್ತದೆ, ಕೆಟ್ಟದ್ದು ಕಟ್ಟುತ್ತದೆ ಎಂಬ ಸರಳ ಸಮೀಕರಣವನ್ನು ಜೈನರೂ ಒಪ್ಪುವುದಿಲ್ಲ. ಪುಣ್ಯವೂ ಆಸ್ರವವೇ (ಕರ್ಮದ ಒಳಹರಿವೇ) ಎನ್ನುತ್ತಾರೆ.

ಓದುವವರನ್ನು ತಪ್ಪದೆ ಗಲಿಬಿಲಿಗೊಳಿಸುವ ಜಾಗ ಒಂದಿದೆ. ಕಾಯಸಂಖಾರ, ವಚೀಸಂಖಾರ, ಚಿತ್ತಸಂಖಾರ ಎಂಬ ಮೂರು ಹೆಸರು ಎರಡು ಕಡೆ ಬರುತ್ತವೆ. 12 ಕೊಂಡಿಗಳಲ್ಲಿ ಅವು ಮೈ, ಮಾತು, ಮನಸ್ಸಿನ ಸಂಕಲ್ಪಗಳು. ಸುತ್ತಗಳ ಒಂದು ಸಂಗ್ರಹವಾದ ಮಜ್ಝಿಮನಿಕಾಯದ 44ನೇ ಸುತ್ತದಲ್ಲಿ ಭಿಕ್ಷುಣಿ ಧಮ್ಮದಿನ್ನಾ ಕೊಡುವ ವಿವರಣೆಯೇ ಬೇರೆ: ಕಾಯಸಂಖಾರ ಎಂದರೆ ಉಸಿರಾಟ, ವಚೀಸಂಖಾರ ಎಂದರೆ ಮಾತಿಗೆ ಮುಂಚಿನ ವಿತರ್ಕ-ವಿಚಾರ, ಚಿತ್ತಸಂಖಾರ ಎಂದರೆ ಸಂಜ್ಞೆ-ವೇದನೆ. ಇದು ಧ್ಯಾನದಲ್ಲಿ ಯಾವುದು ಯಾವಾಗ ಅಡಗುತ್ತದೆ ಎಂಬುದರ ನಕ್ಷೆ. ಎರಡನೆಯ ಧ್ಯಾನದಲ್ಲಿ ವಿತರ್ಕ-ವಿಚಾರ ನಿಲ್ಲುತ್ತದೆ, ನಾಲ್ಕನೆಯದರಲ್ಲಿ ಉಸಿರು, ನಿರೋಧಸಮಾಪತ್ತಿ ಎಂಬ ಕೊನೆಯ ಸಮಾಧಿಯಲ್ಲಿ ಸಂಜ್ಞೆ-ವೇದನೆ. ಹೊರಬರುವಾಗ ಕ್ರಮ ತಿರುಗುಮುರುಗು: ಮೊದಲು ಚಿತ್ತ, ಆಮೇಲೆ ಉಸಿರು, ಕೊನೆಗೆ ಮಾತು. ಈ ನಕ್ಷೆಯನ್ನು 12 ಕೊಂಡಿಗಳ ಮೇಲೆ ಹೇರಿದರೆ ‘ಅವಿದ್ಯೆಯಿಂದ ಉಸಿರಾಟ’ ಎಂಬಲ್ಲಿಗೆ ಬಂದು ನಿಲ್ಲಬೇಕಾಗುತ್ತದೆ.

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಒಬ್ಬ ರೈತನನ್ನು ತೆಗೆದುಕೊಳ್ಳೋಣ. ಇವತ್ತು ಅವನ ಪಾಳಿ. ತೂಬಿನ ಹತ್ತಿರ ಬಂದರೆ ಕಾಲುವೆ ಒಣಗಿದೆ, ಮೇಲಿನವರು ಪಂಪು ಇಟ್ಟು ನೀರು ಎತ್ತಿಕೊಂಡಿದ್ದಾರೆ. ಒಣ ಕಾಲುವೆ ಕಣ್ಣಿಗೆ ಬಿದ್ದದ್ದು ಸ್ಪರ್ಶ (ಇಲ್ಲಿ ಇಂದ್ರಿಯಕ್ಕೆ ವಿಷಯ ತಾಕುವುದು). ಎದೆಯಲ್ಲಿ ಚುರುಕ್ಕೆಂದದ್ದು ವೇದನೆ. ‘ಕಳ್ಳರು, ನಮ್ಮ ನೀರು’ ಎಂದು ಗುರುತು ಹಾಕಿದ್ದು ಸಂಜ್ಞೆ. ‘ಬಿಡಬಾರದು ಇವರನ್ನ’ ಎಂದು ಮನಸ್ಸು ಏರಿದ್ದು ಸಂಖಾರ. ಬೌದ್ಧ ಲೆಕ್ಕದಲ್ಲಿ ಕರ್ಮ ಶುರುವಾಗುವುದು ಈ ನಾಲ್ಕನೆಯ ಹೆಜ್ಜೆಯಲ್ಲಿ. ‘ಚೇತನವನ್ನೇ ನಾನು ಕರ್ಮ ಎನ್ನುತ್ತೇನೆ’ ಎಂಬ ಬುದ್ಧವಚನ ಅಂಗುತ್ತರನಿಕಾಯದಲ್ಲಿದೆ. ನೋವಾದದ್ದಕ್ಕೆ ಅವನು ಹೊಣೆಯಲ್ಲ. ಅದೇ ಸಿಟ್ಟನ್ನು ದಿನಾ ರಾತ್ರಿ ಹಾಸಿಗೆಯಲ್ಲಿ ಮೆಲುಕು ಹಾಕಿದರೆ, ಪದೇ ಪದೇ ಯೋಚಿಸಿದ ಕಡೆಗೇ ಮನಸ್ಸು ಬಾಗುತ್ತದೆ ಎಂದು ಮಜ್ಝಿಮನಿಕಾಯದ 19ನೇ ಸುತ್ತ ಎಚ್ಚರಿಸುತ್ತದೆ. ಮುಂದಿನ ಸಲ ಕಾಲುವೆ ಅರ್ಧ ತುಂಬಿದ್ದರೂ ಅವನಿಗೆ ಕಳ್ಳರೇ ಕಾಣುತ್ತಾರೆ.

ಆ ಬಾಗು ಉಳಿಯುವುದೆಲ್ಲಿ? ಥೇರವಾದಿಗಳು ಉಗ್ರಾಣವನ್ನೇ ಒಪ್ಪುವುದಿಲ್ಲ: ಒಂದು ಚಿತ್ತಕ್ಷಣ ಅಳಿಯುತ್ತ ಮುಂದಿನದಕ್ಕೆ ಕಾರಣವಾಗುತ್ತದೆ, ಅಷ್ಟೇ. ಬೇರೆ ಬೌದ್ಧ ಪಂಥಗಳಲ್ಲಿ ಸರ್ವಾಸ್ತಿವಾದಿಗಳು ಹಿಂದಿನದೂ ಒಂದು ರೀತಿಯಲ್ಲಿ ಇದ್ದೇ ಇದೆ ಎಂದರು. ಸೌತ್ರಾಂತಿಕರು ‘ಬೀಜ’ ಎಂದರು, ಯೋಗಾಚಾರದವರು ಆ ಬೀಜಗಳಿಗೆ ಆಲಯವಿಜ್ಞಾನ ಎಂಬ ನೆಲೆ ಕೊಟ್ಟರು. ಆತ್ಮವಿಲ್ಲದೆ ಕರ್ಮಫಲ ಹೇಗೆ ಎಂಬ ಇಕ್ಕಟ್ಟು ಬೌದ್ಧರನ್ನು ಸಾವಿರ ವರ್ಷ ದುಡಿಸಿದೆ.

ಜೈನರ ಬಂಧ

ಜೈನರಿಗೆ ಈ ಇಕ್ಕಟ್ಟು ಇಲ್ಲ. ಜೀವ ಇದೆ, ಮತ್ತು ಕರ್ಮ ಎನ್ನುವುದು ಪುದ್ಗಲ, ಅಂದರೆ ಜಡದ್ರವ್ಯ. ಕರ್ಮವಾಗಲು ಯೋಗ್ಯವಾದ ಅತಿಸೂಕ್ಷ್ಮ ಪುದ್ಗಲಗಳು ಲೋಕದಲ್ಲೆಲ್ಲ ಕಿಕ್ಕಿರಿದಿವೆ. ಮೈ, ಮಾತು, ಮನಸ್ಸಿನ ಚಲನೆಯಿಂದ ಆತ್ಮಪ್ರದೇಶಗಳು ಕಂಪಿಸುತ್ತವೆ. ಜೈನ ತತ್ತ್ವದ ಮೂಲಗ್ರಂಥವಾದ ತತ್ತ್ವಾರ್ಥಸೂತ್ರದ 6ನೇ ಅಧ್ಯಾಯ ಇದನ್ನು ‘ಯೋಗ’ ಎಂದು ಕರೆದು, ಅದೇ ಆಸ್ರವ ಎನ್ನುತ್ತದೆ. ಬಂದದ್ದು ಅಂಟಬೇಕಾದರೆ ಕಷಾಯ ಬೇಕು: ಕ್ರೋಧ, ಮಾನ, ಮಾಯೆ, ಲೋಭ. ಅದಿರಿನ ಲಾರಿಗಳು ಓಡುವ ಸಂಡೂರಿನ ರಸ್ತೆಯಲ್ಲಿ ಕೆಂಧೂಳು ಎಲ್ಲರ ಮೇಲೂ ಏಳುತ್ತದೆ. ಒಣಮೈಯವನು ಕೊಡವಿಕೊಂಡರೆ ಹೋಯಿತು, ಎಣ್ಣೆ ಹಚ್ಚಿಕೊಂಡವನ ಮೈಗೆ ಮೆತ್ತಿಕೊಳ್ಳುತ್ತದೆ. ಕಷಾಯವಿಲ್ಲದವನಿಗೆ ಬರುವುದು ಈರ್ಯಾಪಥ ಆಸ್ರವ, ಬಂದ ಹಾಗೇ ಹೋಗುತ್ತದೆ. ಕಷಾಯವುಳ್ಳವನದು ಸಾಂಪರಾಯಿಕ, ಸಂಸಾರವನ್ನು ಬೆಳೆಸುತ್ತದೆ. ಇದನ್ನು ಬರೀ ರೂಪಕ ಎಂದು ಓದಿದರೆ ಜೈನ ಶಾಸ್ತ್ರದ ಮುಂದಿನ ಒಂದು ಲೆಕ್ಕವೂ ಕೂಡಿಬರುವುದಿಲ್ಲ.

ಬಂಧಕ್ಕೆ ನಾಲ್ಕು ಮುಖ. ಪ್ರಕೃತಿ (ಯಾವ ಬಗೆ), ಪ್ರದೇಶ (ಎಷ್ಟು ಪ್ರಮಾಣ), ಸ್ಥಿತಿ (ಎಷ್ಟು ಕಾಲ), ಅನುಭಾಗ (ಎಷ್ಟು ತೀವ್ರ). ಮೊದಲೆರಡನ್ನು ಯೋಗ ನಿರ್ಧರಿಸುತ್ತದೆ, ಕೊನೆಯೆರಡನ್ನು ಕಷಾಯ. ಓಡಾಟ ಹೆಚ್ಚಾದರೆ ಧೂಳು ಹೆಚ್ಚು ಬರುತ್ತದೆ. ಎಷ್ಟು ದಿನ ಕೂರುತ್ತದೆ, ಎಷ್ಟು ಕಾಡುತ್ತದೆ ಎಂಬುದು ಮಾತ್ರ ಸಿಟ್ಟು-ಲೋಭದ ಕೈಯಲ್ಲಿದೆ. ಬಗೆಗಳು ಎಂಟು, ಒಳಭೇದ 148. ಗರಿಷ್ಠ ಸ್ಥಿತಿ ಮೋಹನೀಯಕ್ಕೆ (ಮೋಹಗೊಳಿಸುವ ಕರ್ಮಕ್ಕೆ) 70 ಕೋಟಾಕೋಟಿ ಸಾಗರೋಪಮ; ಕೋಟಾಕೋಟಿ ಎಂದರೆ ಕೋಟಿಯ ಕೋಟಿ, ಸಾಗರೋಪಮ ಎಣಿಕೆಗೆ ಸಿಗದಷ್ಟು ದೊಡ್ಡ ಕಾಲಮಾನ. ಜ್ಞಾನಾವರಣ, ದರ್ಶನಾವರಣ (ಅರಿವನ್ನು, ಕಾಣ್ಕೆಯನ್ನು ಮುಚ್ಚುವವು), ವೇದನೀಯ (ಸುಖದುಃಖ ಉಣಿಸುವುದು), ಅಂತರಾಯ (ಅಡ್ಡಿ ತರುವುದು) ಇವುಗಳಿಗೆ 30. ನಾಮ (ಮೈಯನ್ನು ರೂಪಿಸುವುದು), ಗೋತ್ರಕ್ಕೆ (ಕುಲ ನಿರ್ಧರಿಸುವುದಕ್ಕೆ) 20. ಕಟ್ಟಿದ ತಕ್ಷಣ ಫಲ ಬರುವುದಿಲ್ಲ. ಒಂದು ಕೋಟಾಕೋಟಿಗೆ 100 ವರ್ಷದಂತೆ ಅದು ಸುಮ್ಮನಿರುವ ‘ಅಬಾಧಾಕಾಲ’ ಉಂಟು. 70ರ ಮೋಹನೀಯಕ್ಕೆ 7000 ವರ್ಷ. ಅನ್ಯಾಯ ಮಾಡಿದವನು ಚೆನ್ನಾಗಿಯೇ ಇದ್ದಾನಲ್ಲ ಎಂಬ ಹಳೆಯ ದೂರಿಗೆ ಜೈನರ ಉತ್ತರ ಈ ಲೆಕ್ಕದಲ್ಲಿದೆ.

ಎಂಟನೆಯದಾದ ಆಯುಕರ್ಮದ ರೀತಿ ಬೇರೆ. ಮಿಕ್ಕ ಏಳು ಸದಾ ಕಟ್ಟುತ್ತಿರುತ್ತವೆ, ಮುಂದಿನ ಹುಟ್ಟಿನ ಆಯುಷ್ಯ ಮಾತ್ರ ಆಗಾಗ ತೆರೆಯುವ ಎಂಟು ಅವಕಾಶಗಳಲ್ಲಿ. ಬಾಳಿನ ಮೂರನೆಯ ಒಂದು ಪಾಲು ಉಳಿದಾಗ ಮೊದಲ ಅವಕಾಶ, ಆ ಉಳಿದದ್ದರಲ್ಲಿ ಮೂರನೆಯ ಒಂದು ಪಾಲು ಉಳಿದಾಗ ಎರಡನೆಯದು, ಹೀಗೆ. 81 ವರ್ಷ ಬದುಕುವವನಿಗೆ 54, 72, 78, 80ನೇ ವಯಸ್ಸು ಮುಗಿದಾಗ, ಆಮೇಲೆ 4 ತಿಂಗಳು, 40 ದಿನ, ಸುಮಾರು 13 ದಿನ, ಸುಮಾರು 4 ದಿನ ಉಳಿದಾಗ. ಯಾವುದರಲ್ಲೂ ಕಟ್ಟದಿದ್ದರೆ ಕೊನೆಯ ಅಂತರ್ಮುಹೂರ್ತದಲ್ಲಿ (48 ನಿಮಿಷದೊಳಗಿನ ಅವಧಿಯಲ್ಲಿ). ತನ್ನ ಆಯುಷ್ಯ ಯಾರಿಗೂ ಗೊತ್ತಿರುವುದಿಲ್ಲವಾದ್ದರಿಂದ ಯಾವ ದಿನ ಬೇಕಾದರೂ ಆ ದಿನವಾಗಿರಬಹುದು.

ಬೌದ್ಧರ ‘ಮನಸ್ಸಿನ ಬಾಗು’ ಎಂಬ ಮಾತಿಗೆ ಅತಿ ಹತ್ತಿರದ ಜೈನ ವಿವರ ಗೊಮ್ಮಟಸಾರದ ಕರ್ಮಕಾಂಡದಲ್ಲಿದೆ. ಇದು ಚಾವುಂಡರಾಯನ ಗುರು ನೇಮಿಚಂದ್ರರ ಗ್ರಂಥ. 1359ರಲ್ಲಿ ಕೇಶವವರ್ಣಿ ಇದಕ್ಕೆ ಕನ್ನಡದಲ್ಲೇ ಟೀಕೆ ಬರೆದ. ಅಲ್ಲಿ ‘ವಾಸನಾಕಾಲ’ ಎಂಬ ಅಳತೆ ಬರುತ್ತದೆ: ಸಿಟ್ಟು ಮೇಲೆ ಕಾಣದಿದ್ದರೂ ಅದರ ಸಂಸ್ಕಾರ ಒಳಗೆ ಉಳಿದಿರುವ ಅವಧಿ. ಕಷಾಯಗಳಿಗೆ ನಾಲ್ಕು ಮಟ್ಟ. ಅತಿ ತೆಳುವಾದ ಸಂಜ್ವಲನಕ್ಕೆ ಅಂತರ್ಮುಹೂರ್ತ. ಪ್ರತ್ಯಾಖ್ಯಾನಾವರಣಕ್ಕೆ ಒಂದು ಪಕ್ಷ, 15 ದಿನ. ಅಪ್ರತ್ಯಾಖ್ಯಾನಾವರಣಕ್ಕೆ 6 ತಿಂಗಳು. ಅದನ್ನೂ ಮೀರಿ ಭವಭವಾಂತರಕ್ಕೆ ಹೋಗುವುದು ಅನಂತಾನುಬಂಧಿ. ಇದೇ ನಾಲ್ಕು ಕ್ರೋಧಗಳಿಗೆ ನೀರಿನ ಮೇಲಿನ ಗೆರೆ, ಮರಳಿನ ಗೆರೆ, ನೆಲದ ಬಿರುಕು, ಬಂಡೆಯ ಬಿರುಕು ಎಂದು ಹೋಲಿಕೆಯಿದೆ.

ಒಂದೊಂದೂ ಒಂದೊಂದು ಬಾಗಿಲನ್ನು ಮುಚ್ಚುತ್ತದೆ. ಸಂಜ್ವಲನವಿದ್ದರೆ ಯಥಾಖ್ಯಾತ ಚಾರಿತ್ರವಿಲ್ಲ (ಕಷಾಯ ಲೇಶವೂ ಇಲ್ಲದ ನಡತೆಯಿಲ್ಲ), ಪ್ರತ್ಯಾಖ್ಯಾನಾವರಣವಿದ್ದರೆ ಮುನಿವ್ರತವಿಲ್ಲ, ಅಪ್ರತ್ಯಾಖ್ಯಾನಾವರಣವಿದ್ದರೆ ಶ್ರಾವಕನ ಅಣುವ್ರತವೂ ಇಲ್ಲ, ಅನಂತಾನುಬಂಧಿಯಿದ್ದರೆ ಸಮ್ಯಕ್ತ್ವವೇ (ಸರಿಯಾದ ನಂಬಿಕೆಯೇ) ಇಲ್ಲ. ಇಡೀ ಕರ್ಮಶಾಸ್ತ್ರದಲ್ಲಿ ಮನೆಯಲ್ಲಿ ಕೂತು ಬಳಸಬಹುದಾದ ಅಳತೆಗೋಲು ಇದೊಂದೇ ಎನ್ನಬಹುದು. ನೀರಿನ ಜಗಳ ನಡೆದು ಎಷ್ಟು ದಿನವಾಯಿತು, ಆ ಮನೆಯವರ ಹೆಸರು ಕೇಳಿದರೆ ಈಗಲೂ ಮೈ ಬಿಸಿಯಾಗುತ್ತದೆಯೇ ಎಂದು ನೋಡಿಕೊಂಡರೆ ಸಾಕು. ಎಷ್ಟು ಜೋರಾಗಿ ಕೂಗಾಡಿದೆ ಎಂಬುದು ಈ ಲೆಕ್ಕಕ್ಕೆ ಬರುವುದೇ ಇಲ್ಲ. ಒಂದೂ ಮಾತಾಡದೆ ಏಳು ತಿಂಗಳು ಹಲ್ಲು ಕಚ್ಚಿಕೊಂಡವನ ಸ್ಥಿತಿ, ಕೂಗಾಡಿ ಅರ್ಧ ಗಂಟೆಯಲ್ಲಿ ಚಹಾ ಕುಡಿಯಲು ಕೂತವನಿಗಿಂತ ಕೆಟ್ಟದ್ದು.

ಕೃತ್ಯವೊಂದು ರೂಪುಗೊಳ್ಳುವ ಬಗೆಯನ್ನೂ ತತ್ತ್ವಾರ್ಥಸೂತ್ರ ಬಿಡಿಸಿ ಇಡುತ್ತದೆ. ತೂಬು ಒಡೆಯಬೇಕು ಎಂದು ನಿಶ್ಚಯಿಸುವುದು ಸಂರಂಭ, ಹಾರೆ ಹುಡುಕಿ ಜನ ಸೇರಿಸುವುದು ಸಮಾರಂಭ, ಮೊದಲ ಏಟು ಹಾಕುವುದು ಆರಂಭ. ಇವು ಮನಸ್ಸು, ಮಾತು, ಮೈ ಮೂರರಲ್ಲೂ ಆಗಬಹುದು. ತಾನೇ ಮಾಡಬಹುದು, ಮಾಡಿಸಬಹುದು, ಮಾಡಿದವನಿಗೆ ಭಲೇ ಎನ್ನಬಹುದು. ನಾಲ್ಕು ಕಷಾಯಗಳಲ್ಲಿ ಯಾವುದರಿಂದಲೂ ಹುಟ್ಟಬಹುದು. 3×3×3×4, ಒಟ್ಟು 108. ಜಪಮಾಲೆಯ 108 ಮಣಿಗೆ ಜೈನರು ಕೊಡುವ ಕಾರಣಗಳಲ್ಲಿ ಇದೂ ಒಂದು. ಜಗಳದ ವೀಡಿಯೊ ನೋಡಿ ಮೊಬೈಲಿನಲ್ಲಿ ಹೆಬ್ಬೆರಳು ಒತ್ತಿದವನೂ ‘ಅನುಮತ’ದ ಖಾನೆಯಲ್ಲಿ ಬರುತ್ತಾನೆ.

ಇಷ್ಟೆಲ್ಲ ಲೆಕ್ಕ ಕೇಳಿ ಇದು ಹಣೆಬರಹದ ಮಾತು ಎಂದುಕೊಳ್ಳಬಾರದು. ಕಟ್ಟಿದ ಕರ್ಮದ ಸ್ಥಿತಿ-ಅನುಭಾಗವನ್ನು ತಗ್ಗಿಸಬಹುದು (ಅಪಕರ್ಷಣ), ಕಾಲಕ್ಕೆ ಮೊದಲೇ ಉದಯಕ್ಕೆ ತರಬಹುದು (ಉದೀರಣೆ), ಒಂದು ಒಳಭೇದವನ್ನು ಇನ್ನೊಂದಾಗಿ ಮಾರ್ಪಡಿಸಬಹುದು (ಸಂಕ್ರಮಣ); ದುಃಖ ಉಣಿಸುವ ಅಸಾತಾವೇದನೀಯ ಸುಖ ಉಣಿಸುವ ಸಾತಾ ಆಗಬಲ್ಲದು. ಮಿತಿಗಳೂ ಇವೆ. ಮೂಲದ ಎಂಟು ಒಂದರೊಳಗೊಂದು ಬೆರೆಯುವುದಿಲ್ಲ, ನಾಲ್ಕು ಆಯುಗಳು (ದೇವ, ಮನುಷ್ಯ, ಪ್ರಾಣಿ, ನರಕ) ಅದಲುಬದಲಾಗುವುದಿಲ್ಲ, ನಿಕಾಚಿತವಾಗಿ ಬಿಗಿದದ್ದು ಇವುಗಳಿಗೆ ಜಗ್ಗುವುದಿಲ್ಲ.

ಮೈಯೋ ಮನಸ್ಸೋ

ಮಜ್ಝಿಮನಿಕಾಯದ 56ನೇ ಸುತ್ತದಲ್ಲಿ ನಾಲಂದೆಯ ಗೃಹಸ್ಥ ಉಪಾಲಿ ಮಹಾವೀರನ ಪರವಾಗಿ ಬುದ್ಧನೊಡನೆ ವಾದಕ್ಕೆ ಬರುತ್ತಾನೆ. ನಿಗ್ರಂಥರ (ಜೈನರ) ಪ್ರಕಾರ ಮೈಯಿಂದಾಗುವ ಕಾಯದಂಡವೇ ಘೋರ, ಬುದ್ಧನ ಪ್ರಕಾರ ಮನಃಕರ್ಮ. ಉಪಾಲಿ ಸೋತು ಉಪಾಸಕನಾಗುತ್ತಾನೆ. ಎದುರು ಪಕ್ಷದ ಉತ್ತರ ಶ್ವೇತಾಂಬರರ ಸೂತ್ರಕೃತಾಂಗದಲ್ಲಿದೆ: ಮನುಷ್ಯನನ್ನು ಹಿಂಡಿಯ ಮುದ್ದೆ ಎಂದುಕೊಂಡು ತಿವಿದರೆ ಪಾಪವಿಲ್ಲ ಎನ್ನುವ ಬೌದ್ಧನನ್ನು ಜೈನರ ಪರ ವಾದಿಸುವ ಆರ್ದ್ರಕ ತರಾಟೆಗೆ ತೆಗೆದುಕೊಳ್ಳುತ್ತಾನೆ. ಇಬ್ಬರೂ ಎದುರಾಳಿಯನ್ನು ಸ್ವಲ್ಪ ಪೆದ್ದನಾಗಿಸಿಯೇ ಚಿತ್ರಿಸಿದ್ದಾರೆ. ಜೈನರಲ್ಲಿ ಭಾವಕ್ಕೆ ಬೆಲೆಯಿಲ್ಲ ಎನ್ನುವುದು ಸುಳ್ಳು. ಪ್ರಮಾದದ ಚಲನೆಯಿಂದ ಪ್ರಾಣ ಹೋದರೆ ಅದು ಹಿಂಸೆ ಎಂಬುದೇ ತತ್ತ್ವಾರ್ಥಸೂತ್ರದ ವ್ಯಾಖ್ಯೆ. ಜೀವಿ ಸಾಯಲಿ ಬಿಡಲಿ, ಎಚ್ಚರವಿಲ್ಲದವನಿಗೆ ಹಿಂಸೆ ಖಚಿತ. ಎಚ್ಚರದಿಂದ ನಡೆಯುವವನಿಗೆ ಬರೀ ಹಿಂಸೆಯಾದ ಮಾತ್ರಕ್ಕೆ ಬಂಧವಿಲ್ಲ ಎಂದು ಕುಂದಕುಂದರ ಪ್ರವಚನಸಾರ ಹೇಳುತ್ತದೆ. ನಿಜವಾದ ವ್ಯತ್ಯಾಸ ಅಜಾಗ್ರತೆಯದು. ಬೌದ್ಧರಿಗೆ ಸಂಕಲ್ಪವಿಲ್ಲದ ಕಡೆ ಕರ್ಮವಿಲ್ಲ. ಜೈನರಿಗೆ ಎಚ್ಚರ ತಪ್ಪಿ ಗೊತ್ತಿಲ್ಲದೆ ಮಾಡಿದ್ದೂ ಅಂಟುತ್ತದೆ, ತೆಳುವಾಗಿ.

ಹಾಗಾಗಿ ಅಭ್ಯಾಸದ ದಾರಿಯೂ ಬೇರೆ. ಬೌದ್ಧರ ಆನಾಪಾನಸತಿಯ (ಉಸಿರನ್ನು ಗಮನಿಸುವ ಧ್ಯಾನದ) 16 ಹೆಜ್ಜೆಗಳಲ್ಲಿ ಮೊದಲ ಎಂಟು ಸಂಖಾರವನ್ನು ತಣಿಸುವುದಕ್ಕೆ. ಉದ್ದ ಉಸಿರು, ಗಿಡ್ಡ ಉಸಿರು ತಿಳಿಯುವುದು, ಇಡೀ ಕಾಯವನ್ನು ಅರಿಯುವುದು, ನಾಲ್ಕನೆಯದರಲ್ಲಿ ಕಾಯಸಂಖಾರವನ್ನು ಶಾಂತಗೊಳಿಸುವುದು, ಐದು-ಆರರಲ್ಲಿ ಪ್ರೀತಿ (ಹರ್ಷ), ಸುಖ, ಏಳರಲ್ಲಿ ಚಿತ್ತಸಂಖಾರವನ್ನು ಗುರುತಿಸುವುದು, ಎಂಟರಲ್ಲಿ ತಣಿಸುವುದು. ಕೆಡುವುದು ನಾಲ್ಕನೆಯ ಹೆಜ್ಜೆಯಲ್ಲಿ. ಉಸಿರು ತಾನಾಗಿ ಸೂಕ್ಷ್ಮವಾಗಲು ಬಿಡದೆ ಬಿಗಿಹಿಡಿಯುತ್ತಾರೆ. ಬುದ್ಧನೇ ಬೋಧಿಗೆ ಮುಂಚೆ ಉಸಿರುಗಟ್ಟಿದ ಧ್ಯಾನ ಮಾಡಿ, ಕಿವಿಯಲ್ಲಿ ಭೋರ್ಗರೆತ, ತಲೆಯಲ್ಲಿ ವಿಪರೀತ ನೋವು ಉಂಡು ಬಿಟ್ಟದ್ದನ್ನು ಮಜ್ಝಿಮನಿಕಾಯದ 36ನೇ ಸುತ್ತ ವಿವರಿಸುತ್ತದೆ. ಇನ್ನೊಂದು ಕೆಡುಕು ಐದು-ಆರರ ಸುಖಕ್ಕೆ ಒಗ್ಗಿಕೊಂಡು ಅಲ್ಲೇ ಕೂರುವುದು; ಅದೂ ಒಂದು ಕಟ್ಟೋಣವೇ.

ಜೈನರದು ಎರಡು ಕೆಲಸ: ಬರುವುದನ್ನು ತಡೆಯುವ ಸಂವರ, ಬಂದದ್ದನ್ನು ಉದುರಿಸುವ ನಿರ್ಜರೆ. ಗುಪ್ತಿ (ಹಿಡಿತ) 3, ಸಮಿತಿ (ಎಚ್ಚರದ ನಡೆ) 5, ಧರ್ಮ 10, ಅನುಪ್ರೇಕ್ಷೆ (ಚಿಂತನೆ) 12, ಪರೀಷಹಜಯ (ಕಷ್ಟ ಸಹಿಸುವುದು) 22, ಚಾರಿತ್ರ (ನಡತೆ) 5, ಹೀಗೆ ಸಂವರಕ್ಕೆ 57 ಸಾಧನ. ನಿರ್ಜರೆಗೆ 12 ತಪಸ್ಸು. ಗೃಹಸ್ಥನಿಗೆ ದಕ್ಕುವುದು ಸಮಭಾವದಲ್ಲಿ ಕೂರುವ ಸಾಮಾಯಿಕ, ಕನಿಷ್ಠ ಎರಡು ಘಳಿಗೆ ಅಂದರೆ 48 ನಿಮಿಷ. ಅದರ ಐದು ಅತಿಚಾರಗಳನ್ನು (ದೋಷಗಳನ್ನು) ತತ್ತ್ವಾರ್ಥಸೂತ್ರವೇ ಹೆಸರಿಸಿದೆ: ಮೈ, ಮಾತು, ಮನಸ್ಸನ್ನು ಅಡ್ಡದಾರಿಗೆ ಬಿಡುವುದು ಮೂರು, ಅನಾದರ ನಾಲ್ಕನೆಯದು, ಎಲ್ಲಿದ್ದೇನೆಂಬುದನ್ನು ಮರೆಯುವುದು ಐದನೆಯದು. ಕಷಾಯ ತಗ್ಗದೆ ಬರೀ ಉಪವಾಸ ಹೆಚ್ಚಿಸುವವರ ಪಾಡನ್ನೂ ಹೇಳಿದೆ. ಬಾಲತಪಸ್ಸು (ಅರಿವಿಲ್ಲದ ತಪಸ್ಸು) ದೇವಾಯುವಿಗೆ ಕಾರಣವಾಗುವ ನಾಲ್ಕರಲ್ಲಿ ಒಂದು. ಸ್ವರ್ಗ ಸಿಕ್ಕೀತು, ಬಿಡುಗಡೆ ಇಲ್ಲ.

ಕೊಪ್ಪಳದ ಮಟ್ಟಿಗೆ ಇದೆಲ್ಲ ಬರೀ ಪುಸ್ತಕದ ಮಾತಾಗಿರಲಿಲ್ಲ. ಕವಿರಾಜಮಾರ್ಗ ‘ಮಹಾಕೊಪಣನಗರ’ ಎಂದ ಊರಿದು. ಶಕ 803ರ, ಅಂದರೆ ಕ್ರಿ.ಶ. 881ರ ಶಾಸನ ಇಲ್ಲಿ ಕುಂದಕುಂದಾನ್ವಯದ ಏಕಚಟ್ಟುಗದ ಭಟಾರರ ಶಿಷ್ಯ ಸರ್ವನಂದಿ ಭಟಾರರು ನೆಲೆಸಿ, ಊರವರಿಗೆ ಉಪದೇಶಿಸಿ, ತಪಸ್ಸು ಮಾಡಿ, ಸಂನ್ಯಸನದಿಂದ ಮುಡಿಪಿದ್ದನ್ನು (ಸಲ್ಲೇಖನ ಎಂಬ ಉಪವಾಸವ್ರತದಿಂದ ದೇಹ ಬಿಟ್ಟದ್ದನ್ನು) ದಾಖಲಿಸುತ್ತದೆ. ಸಲ್ಲೇಖನದಲ್ಲಿ ತೆಳುವಾಗಿಸಬೇಕಾದದ್ದು ಎರಡು: ಕಾಯ ಮತ್ತು ಕಷಾಯ. ಇದಕ್ಕೂ ಐದು ಅತಿಚಾರ: ಇನ್ನೂ ಬದುಕುವ ಆಸೆ, ಬೇಗ ಸಾಯುವ ಆಸೆ, ಗೆಳೆಯರ ಮೇಲಿನ ಮೋಹ, ಉಂಡ ಸುಖದ ನೆನಪು, ಮತ್ತು ನಿದಾನ, ಅಂದರೆ ಈ ವ್ರತದ ಫಲವಾಗಿ ಮುಂದೆ ಇಂಥದ್ದಾಗಿ ಹುಟ್ಟಲಿ ಎಂಬ ಬೇಡಿಕೆ.

ಕೊನೆಯ ಗಳಿಗೆಯ ಮನಸ್ಸು ಬೌದ್ಧರಿಗೂ ಮುಖ್ಯ. ಸಾವಿನ ಹೊತ್ತಿಗೆ ನೆನಪಾದ ಆಸನ್ನಕರ್ಮಕ್ಕೆ ಅವರು ಪ್ರತ್ಯೇಕ ಸ್ಥಾನವನ್ನೇ ಕೊಟ್ಟಿದ್ದಾರೆ. ಆದರೆ ನಿದಾನದ ವಿಷಯದಲ್ಲಿ ದಾರಿ ಕವಲೊಡೆಯುತ್ತದೆ. ಮಜ್ಝಿಮನಿಕಾಯದ 120ನೇ ಸುತ್ತ ಶ್ರದ್ಧೆ, ಶೀಲ, ಶ್ರುತ, ತ್ಯಾಗ, ಪ್ರಜ್ಞೆ ಇರುವ ಭಿಕ್ಷು ಸಿರಿವಂತ ಕ್ಷತ್ರಿಯ ಕುಲದಲ್ಲಿ ಹುಟ್ಟಬೇಕೆಂದು ಚಿತ್ತ ನೆಟ್ಟು ಬೆಳೆಸಿದರೆ ಆ ಸಂಖಾರ ಅವನನ್ನು ಅಲ್ಲಿಗೇ ಒಯ್ಯುತ್ತದೆ ಎಂದು, ನಿಷೇಧದ ಒಂದು ಮಾತೂ ಇಲ್ಲದೆ ವಿವರಿಸುತ್ತದೆ. ದೇವಲೋಕಗಳನ್ನೂ ಹೀಗೇ ಒಂದೊಂದಾಗಿ ಏರಿ, ಆಸವಕ್ಷಯವನ್ನು (ಮನಸ್ಸಿನ ಕೊಳೆ ಪೂರ್ತಿ ಅಳಿಯುವುದನ್ನು) ಪಟ್ಟಿಯ ಕೊನೆಯಲ್ಲಿ ಇಡುತ್ತದೆ. ಜೈನರಲ್ಲಿ ಅದೇ ಬೇಡಿಕೆ ಮಾಯೆ, ಮಿಥ್ಯಾತ್ವಗಳ ಜೊತೆ ಒಳಗೆ ಚುಚ್ಚುವ ಮೂರು ಶಲ್ಯಗಳಲ್ಲಿ (ಮುಳ್ಳುಗಳಲ್ಲಿ) ಒಂದು, ಮತ್ತು ಶಲ್ಯವಿಲ್ಲದವನೇ ವ್ರತಿ ಎಂಬುದು ತತ್ತ್ವಾರ್ಥಸೂತ್ರದ 7ನೇ ಅಧ್ಯಾಯದ 18ನೇ ಸೂತ್ರ.